ಗುರುತಿಲ್ಲದವರ ಬಸ್ಸು

ನಮ್ಮೂರಿನಿಂದ ಬೆಟ್ಟದ ಕೆರೆಗೆ ಹೋಗಬೇಕೆಂದರೆ ಅಗ್ಗದ ದಾರಿ ಬಸ್ಸು. ದುಬಾರಿಯ ದಾರಿಯೇ ಇಲ್ಲ. ಕಾರಿದ್ದವರೂ ಜೀಪು ಬಾಡಿಗೆಗೆ ಹಿಡಿದವರೂ ಹೋಗಿ ನೋಡಿದ್ದಾರೆ. ಅವರಿಗೆ ಕಂಡದ್ದು ಬೆಟ್ಟದ ನೆತ್ತಿಯಲ್ಲಿ ಬಾಣಲೆಯಂಥ ಒಂದು ತಗ್ಗು, ಅದರ ತುಂಬ ಮೊಣಕಾಲೆತ್ತರದ ಹುಲ್ಲು. ಒಟ್ಟಿಗೆ ಹತ್ತಿಹೋದವರಲ್ಲಿ ಯಾರಾದರೂ ಇಬ್ಬರು ಪರಸ್ಪರ ಗುರುತಿನವರಾಗಿದ್ದರೆ ಅಲ್ಲಿ ಕೆರೆ ಇರುವುದಿಲ್ಲ. ಎಲ್ಲರೂ ಅಪರಿಚಿತರಾಗಿದ್ದರೆ ಇರುತ್ತದೆ. ಹಾಗೆಂದು ಕೆಲವರು ಕಾರಿನಲ್ಲಿ ಬೇಕೆಂದೇ ಅಪರಿಚಿತರನ್ನು ಕೂರಿಸಿಕೊಂಡು ಹೋದದ್ದೂ ಉಂಟು. ಕಾರು ಚಿಕ್ಕದು, ದಾರಿ ಉದ್ದ. ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಯಾವೂರು, ಎಷ್ಟು ಮಕ್ಕಳು ಎಂದು ಮಾತು ಹತ್ತಿ, ಕೆರೆ ಹೋಗಿಬಿಟ್ಟಿರುತ್ತದೆ.

ಆದ್ದರಿಂದ ಎಲ್ಲರೂ ಬಸ್ಸಿಗೇ ಬರುತ್ತಾರೆ. ಗಂಡ ಒಂದು ವಾರ ಹೋದರೆ ಹೆಂಡತಿ ಇನ್ನೊಂದು ವಾರ ಹೋಗುತ್ತಾಳೆ. ಆಮೇಲೆ ನೀರು ಹಸಿರೋ ನೀಲಿಯೋ ಎಂದು ಮನೆಯಲ್ಲಿ ಜಗಳವಾಗುತ್ತದೆ. ನಮ್ಮೂರಿನವರು ಕೆರೆಗೆ ಹೊರಡುವ ಹಿಂದಿನ ದಿನವೇ ಬಸ್ ನಿಲ್ದಾಣಕ್ಕೆ ಹೋಗಿ, ನಾಳೆ ಊರಿನಿಂದ ಇನ್ಯಾರಾದರೂ ಹೊರಟಿದ್ದಾರೆಯೇ ಎಂದು ವಿಚಾರಿಸಿಕೊಳ್ಳುತ್ತಾರೆ. ಹೊರಟಿದ್ದರೆ ತಾವು ನಿಲ್ಲುತ್ತಾರೆ. ಬೆಟ್ಟ ಹತ್ತುವಾಗ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ, ಹೆಸರು ಕೇಳುವುದಿಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಎದೆಹಾಲು ಬಿಡದ ಕೂಸಿಗೆ ಮಾತ್ರ ರಿಯಾಯಿತಿ. ಅದಕ್ಕೆ ಟಿಕೆಟ್ಟೂ ಇಲ್ಲ, ಗುರುತಿನ ಲೆಕ್ಕವೂ ಇಲ್ಲ. ಇಳಿಯುವಾಗ ಯಾವ ಕಟ್ಟೂ ಇಲ್ಲ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದವರು ಒಮ್ಮೆಗೇ ಮಾತಿಗಿಳಿದು, ಬಸ್ಸು ಸಂತೆಯ ಹಾಗೆ ಗದ್ದಲವೆದ್ದು ಕೆಳಗೆ ಬರುತ್ತದೆ.

ನನ್ನ ಅಕ್ಕ ನೀಲಾವತಿ ಬದುಕಿನಲ್ಲಿ ಒಂದೇ ಒಂದನ್ನು ತನಗಾಗಿ ಬಯಸಿದ್ದಳು. ಅದು ಆ ಕೆರೆಯನ್ನು ನೋಡುವುದು. ಆದರೆ ಅವಳು ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಇಡ್ಲಿ ಬಡಿಸುವವಳು. ನಮ್ಮೂರಿಗೆ ಬಂದು ಬಸ್ಸು ಬದಲಾಯಿಸುವ ಎಷ್ಟು ಊರುಗಳಿವೆಯೋ ಅಷ್ಟೂ ಊರಿನವರು ಅವಳಿಗೆ ಗುರುತು. ಯಾರಿಗೆ ಚಟ್ನಿ ಖಾರ ಬೇಡ, ಯಾರ ಮಗನಿಗೆ ಕೆಲಸ ಸಿಕ್ಕಿತು, ಯಾರ ಸೊಸೆ ತವರಿಗೆ ಹೋಗಿ ಕೂತಳು, ಎಲ್ಲ ಗೊತ್ತು. ಅವಳು ಹತ್ತಿದ ಬಸ್ಸಿನಲ್ಲಿ ಯಾರಾದರೊಬ್ಬರು 'ಏನ್ ನೀಲಕ್ಕ, ನೀನೂ ಬಂದ್ಯಾ' ಎಂದುಬಿಡುತ್ತಿದ್ದರು. ಅಲ್ಲಿಗೆ ಮುಗಿಯಿತು. ಪಾಪ, ಅವಳೇ ಇಳಿದುಕೊಳ್ಳುತ್ತಿದ್ದಳು, ಉಳಿದವರಿಗಾದರೂ ಕಾಣಲಿ ಎಂದು. ಅವ್ವ ಹೋದಾಗ ನಾನು ಕೈಗೂಸು. ಆ ಕ್ಯಾಂಟೀನಿನ ದುಡಿಮೆಯಲ್ಲೇ ಅಕ್ಕ ನನ್ನನ್ನು ಸಾಕಿದಳು, ಹಗಲು ಮನೆಗೆಲಸಕ್ಕೆ ಹೋಗುತ್ತಿದ್ದ ನನ್ನನ್ನು ಸಂಜೆ ಶಾಲೆಗೆ ಸೇರಿಸಿದಳು. ನನಗೆ ಈಗ ಹಾಲಿನ ಡೈರಿಯಲ್ಲಿ ಕೂತು ಮಾಡುವ ಕೆಲಸ ಇರುವುದು ಅವಳು ನಿಂತು ಮಾಡಿದ್ದರಿಂದ.

ನಾಲ್ಕು ವರ್ಷದ ಹಿಂದೆ ಅವಳಿಗೆ ಮರೆವು ಶುರುವಾಯಿತು. ಮೊದಲು ಗಿರಾಕಿಗಳ ಹೆಸರು ಹೋದವು, ಆಮೇಲೆ ಮುಖಗಳು. ಕಳೆದ ವರ್ಷ ನಾನೂ ಹೋದೆ. ಈಗ ದಿನವೂ ಬೆಳಿಗ್ಗೆ ಕಾಫಿ ಕೊಟ್ಟಾಗ ಲೋಟ ಹಿಡಿದುಕೊಂಡು, 'ನೀವು ಯಾರ ಪೈಕಿಯಮ್ಮ?' ಎಂದು ಮರ್ಯಾದೆಯಿಂದ ಕೇಳುತ್ತಾಳೆ. ವಾದ ಮಾಡಬೇಡಿ, ಗಾಬರಿಯಾಗುತ್ತಾರೆ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ನಾನು, 'ಇಲ್ಲೇ ಇರೋಳು' ಎನ್ನುತ್ತೇನೆ. ಇಷ್ಟೆಲ್ಲ ಮರೆತವಳು ಕೆರೆಯನ್ನು ಮಾತ್ರ ಮರೆಯಲಿಲ್ಲ. 'ಒಂದ್ಸಲ ನೋಡಬೇಕಿತ್ತು. ಬಸ್ಸಲ್ಲಿ ಯಾರಾದ್ರೂ ಗುರುತಿನೋರು ಸಿಕ್ಕಿಬಿಡ್ತಾರೆ' ಎಂದು ಈಗಲೂ ಹೇಳುತ್ತಾಳೆ.

ಬೆಟ್ಟದ ಬಸ್ಸಿನ ಕಂಡಕ್ಟರ್ ಓಬಯ್ಯ ಅಕ್ಕನ ಕೈಯ ಇಡ್ಲಿ ತಿಂದೇ ತಲೆ ನರೆತವನು. ಒಂದು ಸಂಜೆ ಅವಳನ್ನು ನೋಡಲು ಮನೆಗೆ ಬಂದ. ಅಕ್ಕ ಅವನಿಗೂ ಯಾರ ಪೈಕಿ ಎಂದು ಕೇಳಿದಳು. ಅವನು ನಕ್ಕ, ಆದರೆ ಹೊರಗೆ ಬಂದು ಒಂದೇ ಚಪ್ಪಲಿ ಮೆಟ್ಟಿಕೊಂಡು ನನ್ನ ಕಡೆ ತಿರುಗಿದ.

"ರುಕ್ಕು, ಈಗ ಕರ್ಕೊಂಡು ಹೋಗಬಹುದಲ್ಲ ಕೆರೆಗೆ," ಎಂದ. "ಈಗ ಅವಳಿಗೆ ಯಾರೂ ಗುರುತಿಲ್ಲ."

"ಒಬ್ಬಳನ್ನೇ ಹೇಗೆ ಕಳಿಸಲಿ ಓಬಣ್ಣ? ಎಲ್ಲಾದ್ರೂ ಹೋಗಿಬಿಟ್ರೆ?"

"ನೀನೂ ಬಾ."

"ನಾನು ಗುರುತಿನವಳಲ್ವಾ?"

"ಅವಳು ನಿಂಗೆ ಗುರುತು. ನೀನು ಅವಳಿಗೆ ಗುರುತಾ?" ಎಂದ. ಅಂದ ಮೇಲೆ ಅವನಿಗೇ ಕೆಡುಕೆನಿಸಿರಬೇಕು, ಧ್ವನಿ ಇಳಿಸಿದ. "ಒಂದು ಕಡೆ ಗುರುತು ಲೆಕ್ಕಕ್ಕಿಲ್ಲ ಕಣವ್ವ. ಆ ನಾಟಕ ಕಂಪನಿ ರಾಜಾಪಾರ್ಟಿನವನು ಬಂದಿದ್ನಲ್ಲ, ಇಡೀ ಬಸ್ಸಿಗೇ ಅವನು ಗೊತ್ತು, ಅವನಿಗೆ ಒಬ್ರೂ ಗೊತ್ತಿಲ್ಲ. ಕೆರೆ ಇತ್ತು. ತುಂಬಿ ತುಳುಕ್ತಿತ್ತಂತೆ."

ನಾನು ಒಂದು ವಾರ ಯೋಚಿಸಿದೆ. ಬೇರೆಯವರ ಪ್ರಯಾಣ ಹಾಳಾದರೆ ಎನ್ನುವ ಚಿಂತೆ ಒಂದು. ಇನ್ನೊಂದನ್ನು ಓಬಯ್ಯನಿಗೆ ಹೇಳಲಿಲ್ಲ. ಕೆರೆ ಕಂಡರೆ ಅಕ್ಕನ ಆಸೆ ತೀರುತ್ತದೆ. ಕೆರೆ ಕಂಡರೆ, ಅವಳ ಒಳಗೆ ಎಲ್ಲೂ, ಒಂದು ಮೂಲೆಯಲ್ಲೂ ನಾನು ಉಳಿದಿಲ್ಲ ಎನ್ನುವುದೂ ಖಾತ್ರಿಯಾಗುತ್ತದೆ. ಅಲ್ಲಿಯವರೆಗೆ ನಾನು ರಾತ್ರಿ ಮಲಗುವ ಮುಂಚೆ, ಮಾತಿಗೆ ಸಿಗದಿದ್ದರೂ ಅವಳಿಗೆ ನಾನು ಯಾರೆಂದು ಗೊತ್ತಿರಬಹುದು ಎಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಳ್ಳುವುದನ್ನು ಬಿಡಬೇಕಾಗಿತ್ತು. ನನ್ನ ಸಮಾಧಾನಕ್ಕಾಗಿ ಅವಳ ಆಸೆಯನ್ನು ತಡೆಯುವುದು ನ್ಯಾಯವಲ್ಲ ಎಂದುಕೊಂಡು ಡೈರಿಗೆ ರಜೆ ಹಾಕಿದೆ. ಹಾಕಿದ ಮೇಲೂ, ಇದು ಸರಿಯೋ ತಪ್ಪೋ ಎಂದು ಎರಡು ಸಲ ರಜೆ ವಾಪಸ್ಸು ಪಡೆಯಲು ಹೊರಟಿದ್ದೆ.

ಬೆಳಿಗ್ಗೆ ಕಂಡ ಮುಖವೆಂದು ಬಸ್ಸಿನಲ್ಲಿ ಗುರುತು ಹತ್ತಬಾರದೆಂದು, ಹೊರಡುವ ದಿನ ನಾನು ಅಕ್ಕನ ಕಣ್ಣಿಗೆ ಬೀಳಲಿಲ್ಲ. ಚಿತ್ರಾನ್ನ ಕಟ್ಟಿ ಅವಳ ಚೀಲದಲ್ಲಿಟ್ಟು ಹಿತ್ತಲಿಗೆ ಹೋಗಿ ನಿಂತೆ. ಎದುರು ಮನೆಯಾಕೆ ಅವಳಿಗೆ ಕಾಫಿ ಕೊಟ್ಟು ಸೀರೆ ಸರಿಪಡಿಸಿದಳು. ಓಬಯ್ಯ ಬಂದು ಕೈಹಿಡಿದು ಕರೆದುಕೊಂಡು ಹೋಗಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿದ. ನಾನು ಬೀಗ ಹಾಕಿ, ಎಳೆದು ನೋಡಿ, ಬೀದಿ ತಿರುವಿನವರೆಗೆ ಹೋಗಿ ಮತ್ತೆ ಬಂದು ಎಳೆದು ನೋಡಿ, ಬಸ್ಸು ಹೊರಡುವ ಹೊತ್ತಿಗೆ ಹಿಂದಿನ ಬಾಗಿಲಿನಿಂದ ಹತ್ತಿದೆ.

ಅಂದು ಬಸ್ಸಿನಲ್ಲಿ ಹೆಚ್ಚು ಜನ ಇರಲಿಲ್ಲ. ಎಲ್ಲರೂ ಬೇರೆ ಬೇರೆ ಊರಿನಿಂದ ಬಂದು ನಮ್ಮ ನಿಲ್ದಾಣದಲ್ಲಿ ಬಸ್ಸು ಹಿಡಿದವರು. ಕೊಡೆಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡ ಒಬ್ಬ ಹಿರಿಯ. ಹಣೆ ತುಂಬ ಕುಂಕುಮದ ದಪ್ಪನೆಯ ಹೆಂಗಸು. ಕಿಟಕಿಗೆ ತಲೆಯಾನಿಸಿದ ತುಂಬು ಬಸುರಿ. ಬೆರಳಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ ಒಬ್ಬ ಯುವಕ. ಇನ್ನೂ ನಾಲ್ಕೈದು ಮಂದಿ. ಘಾಟಿಯ ತಿರುವುಗಳಲ್ಲಿ ಅಕ್ಕನ ತಲೆ ಆಚೀಚೆ ವಾಲುವುದನ್ನು ನಾನು ಹಿಂದಿನಿಂದ ನೋಡುತ್ತ ಕೂತೆ. ಒಮ್ಮೆ ಅವಳು ತಿರುಗಿ ಎಲ್ಲರ ಮುಖ ನೋಡಿದಳು. ನನ್ನ ಮುಖವನ್ನೂ ನೋಡಿದಳು, ಉಳಿದವರದನ್ನು ನೋಡಿದಷ್ಟೇ ಹೊತ್ತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಬಸ್ಸು ನಿಲ್ಲುವ ಕಡೆಯಿಂದ ನೆತ್ತಿಗೆ ಕಾಲುದಾರಿ. ಓಬಯ್ಯನೂ ಡ್ರೈವರೂ ಕೆಳಗೇ ಉಳಿಯುತ್ತಾರೆ. ಅವರಿಬ್ಬರಿಗೆ ಒಬ್ಬರಿಗೊಬ್ಬರು ಚೆನ್ನಾಗಿ ಗುರುತು. ಇಷ್ಟು ವರ್ಷ ಜನರನ್ನು ತಂದು ಇಳಿಸಿದವರು ಒಮ್ಮೆಯೂ ಕೆರೆ ಕಂಡಿಲ್ಲ. ಏರಿನಲ್ಲಿ ಅಕ್ಕನ ಕಾಲು ತಡವರಿಸಿತು. ನಾನು ಮುಂದೆ ಹೋಗುವ ಮೊದಲೇ ಕುಂಕುಮದ ಹೆಂಗಸು ಮಾತಿಲ್ಲದೆ ಬಂದು ಅವಳ ರಟ್ಟೆ ಹಿಡಿದುಕೊಂಡಳು. ನಾನು ಬೇಕೆಂದೇ ಎಲ್ಲರಿಗಿಂತ ಹಿಂದೆ ಉಳಿದೆ. ಮುಂದೆ ಹೋದವರು ನೆತ್ತಿ ಮುಟ್ಟಿ ಸುಮ್ಮನೆ ನಿಂತದ್ದು ಕಂಡಿತು. ಕೆರೆ ಕಂಡವರೂ ಹಾಗೆಯೇ ನಿಲ್ಲುತ್ತಾರಂತೆ. ಕಂಡಿದೆ, ಅಕ್ಕನಿಗೆ ಕಂಡಿದೆ, ಅಷ್ಟೇ ತಾನೇ ಬೇಕಿದ್ದದ್ದು ಎಂದು ಹೇಳಿಕೊಳ್ಳುತ್ತ ಉಳಿದ ಏರನ್ನು ಹತ್ತಿದೆ.

ಕೆರೆ ಇರಲಿಲ್ಲ. ತಗ್ಗಿನ ತುಂಬ ಹುಲ್ಲು, ಗಾಳಿಗೆ ಒಂದೇ ಕಡೆ ಮಲಗುತ್ತಿತ್ತು.

"ಯಾರದು?" ಎಂದ ಕೊಡೆಯ ಹಿರಿಯ. ಆ ದಿನ ನಮ್ಮಲ್ಲಿ ಹುಟ್ಟಿದ ಮೊದಲ ಮಾತು ಅದು. "ಯಾರ್ ಯಾರಿಗೆ ಗುರುತು? ಬಸ್ಸು ಹತ್ತುವಾಗ್ಲೇ ಹೇಳಬಾರದಾ? ನಾನು ಎರಡು ಬಸ್ಸು ಬದಲಾಯಿಸಿ ಬಂದಿದೀನಿ."

"ನನ್ ಮುಖ ಯಾಕೆ ನೋಡ್ತೀರಿ?" ಎಂದಳು ಕುಂಕುಮದ ಹೆಂಗಸು. "ನಂಗೆ ಇಲ್ಲಿ ಒಂದು ನರಪಿಳ್ಳೆನೂ ಗೊತ್ತಿಲ್ಲ. ಗೊತ್ತಿದ್ರೆ ಇಷ್ಟು ದೂರ ಬಾಯಿ ಮುಚ್ಕೊಂಡು ಬರ್ತಿದ್ನಾ ನಾನು?"

ನನಗೆ ತಕ್ಷಣ ಹೊಳೆದದ್ದು ನಾವೇ. ಆದರೆ ಬಾಯಿ ತೆರೆಯಲಿಲ್ಲ. ನಾವೇ ಎಂದು ಹೇಳುವ ಮೊದಲು ಬೇರೆ ಯಾರೂ ಅಲ್ಲ ಎಂದು ನನಗೆ ಗೊತ್ತಾಗಬೇಕಿತ್ತು. ಅವರ ನಷ್ಟದ ನಡುವೆ ನಿಂತು ನಾನು ನನ್ನ ಲಾಭ ಎಣಿಸುತ್ತಿದ್ದೆ. ಇದಕ್ಕೆ ಬೇರೆ ಹೆಸರು ಕೊಡಲು ನನಗೆ ಬರುವುದಿಲ್ಲ.

ಇನ್ನು ಮಾತಾಡದೆ ಉಳಿಸಿಕೊಳ್ಳುವುದೇನೂ ಇರಲಿಲ್ಲವಾದ್ದರಿಂದ ಎಲ್ಲರೂ ತಗ್ಗಿನ ಅಂಚಿನಲ್ಲಿ ಕೂತು ಹೆಸರು ಹೇಳಿಕೊಂಡರು. ಹಿರಿಯನ ಹೆಸರು ಫಕೀರಪ್ಪ, ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಕುಂಕುಮದವಳು ಮಾಳವ್ವ, ಬಾಳೆಹಣ್ಣಿನ ವ್ಯಾಪಾರ. ಬಸುರಿಯ ಹೆಸರು ಶ್ರೀಲತಾ. ಯುವಕ ಇಮ್ತಿಯಾಜ್, ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು. ಉಳಿದವರೂ ಹೇಳಿದರು. ಒಬ್ಬರ ಊರು ಇನ್ನೊಬ್ಬರಿಗೆ ಹೆಸರಿನಲ್ಲಷ್ಟೇ ಗೊತ್ತಿತ್ತು.

ಬ್ಯಾಂಡು ಎಂದ ಕೂಡಲೇ ಮಾಳವ್ವ ಇಮ್ತಿಯಾಜನನ್ನು ಹಿಡಿದುಕೊಂಡಳು. "ನೀನೇ ಕಣಪ್ಪ. ಊರೂರ ಮದುವೆ ಸುತ್ತೋನು. ನೆನಪು ಮಾಡ್ಕೊ. ಇವರಲ್ಲಿ ಯಾರದೋ ಮನೇಲಿ ಊದಿರ್ತೀಯ."

"ನಾನು ಊದುವಾಗ ಕಣ್ಣು ಮುಚ್ಕೊಂಡಿರ್ತೀನಿ ಅಕ್ಕ," ಎಂದ ಅವನು. "ಮದುಮಗನ ಮುಖಾನೇ ನೋಡಿರಲ್ಲ."

"ನನ್ನ ಎರಡನೇ ಮಗಳ ಮದುವೆಗೆ ಬ್ಯಾಂಡು ಬಂದಿತ್ತು," ಎಂದ ಫಕೀರಪ್ಪ, ಯೋಚಿಸುತ್ತ. "ಕ್ಲಾರಿನೆಟ್ಟೂ ಇತ್ತು. ಹೋದ ವರ್ಷ, ಜಿಲ್ಲೆಯ ಪೇಟೇಲಿ, ದೊಡ್ಡ ಮಾರುಕಟ್ಟೆ ಹಿಂದಿನ ಛತ್ರದಲ್ಲಿ."

ಇಮ್ತಿಯಾಜ್ ಬೆರಳಾಡಿಸುವುದನ್ನು ನಿಲ್ಲಿಸಿದ. "ಆ ಛತ್ರಕ್ಕೆ ನಾವು ಹೋಗಿದ್ವಿ. ಹೋದ ವರ್ಷವೇ."

ಹಾಗಾದರೆ ಇವರೇ. ಆ ಗಳಿಗೆಯಲ್ಲಿ ನನಗಾದ ದುಃಖ ಎಷ್ಟಿತ್ತೆಂದರೆ, ಕೆರೆ ಕಾಣುವ ಭಯದಲ್ಲಿ ಬಸ್ಸಿನಲ್ಲಿ ಪಟ್ಟದ್ದು ಅದರ ಮುಂದೆ ಏನೂ ಅಲ್ಲ.

"ನನ್ನ ನೋಡಿದ್ಯಾ ಅಲ್ಲಿ?" ಎಂದು ಫಕೀರಪ್ಪ ಮುಖವನ್ನು ಅವನ ಹತ್ತಿರ ತಂದ.

ಇಮ್ತಿಯಾಜ್ ಬಹಳ ಹೊತ್ತು ನೋಡಿದ. "ಇಲ್ಲ ಚಾಚಾ. ಹೆಣ್ಣಿನ ಅಪ್ಪ ಮೆರವಣಿಗೇಲಿ ಇರಲೇ ಇಲ್ಲ. ಎಲ್ಲರೂ ಹುಡುಕ್ತಿದ್ರು."

"ಅಡುಗೆಮನೇಲಿದ್ದೆ. ಪಾಯಸ ಸೀದು ಹೋಗಿತ್ತು, ಭಟ್ಟನ ಜತೆ ಜಗಳ. ಹೊರಗೆ ಬರೋ ಹೊತ್ತಿಗೆ ಬ್ಯಾಂಡಿನವರು ಹೊರಟುಹೋಗಿದ್ರು," ಎಂದ ಫಕೀರಪ್ಪ. "ನಾನೂ ನಿನ್ನ ನೋಡಿಲ್ಲ ಮಗ. ಊದಿದ್ದು ಮಾತ್ರ ಕೇಳಿಸ್ತು. ಚೆನ್ನಾಗಿ ಊದಿದ್ರಿ."

"ಊದಿದ್ದು ಕೇಳಿದ್ರೆ ಗುರುತೇನಲ್ಲ," ಎಂದು ಮಾಳವ್ವ ತೀರ್ಪು ಕೊಟ್ಟಳು.

ಆಮೇಲೆ ಶ್ರೀಲತಾ ಅಳುಕುತ್ತ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಇದು ಲೆಕ್ಕಕ್ಕೆ ಬರುತ್ತಾ? ನಾನು ದಿನಾ ಮಾತಾಡಿಸ್ತೀನಿ."

"ಹೊರಗೆ ಬಂದ ಕೂಸಿಗೇ ರಿಯಾಯಿತಿ ಅದೆ, ಒಳಗಿರೋದಕ್ಕೆ ಇಲ್ವಾ?" ಎಂದಳು ಮಾಳವ್ವ. "ಹೋದ ತಿಂಗಳು ನಮ್ಮೂರ ಬಸುರಿ ಬಂದು ನೋಡ್ಕೊಂಡು ಹೋದ್ಳು. ನೀನು ಸುಮ್ನೆ ಕೂತ್ಕೋ ತಾಯಿ."

ಈ ವಿಚಾರಣೆ ನಡೆಯುವಾಗ ಅಕ್ಕ ಚೀಲ ಬಿಚ್ಚಿದ್ದಳು. ಇಷ್ಟು ಜನ ಕೂತಿರುವಾಗ ಬಡಿಸದೆ ಇರುವುದು ಅವಳಿಗೆ ಗೊತ್ತಿಲ್ಲ. ಡಬ್ಬಿಯ ಮುಚ್ಚಳದಲ್ಲಿ, ಕಾಗದದಲ್ಲಿ, ಯಾರದೋ ಅಂಗೈಯಲ್ಲಿ, ಎಲ್ಲರಿಗೂ ಚಿತ್ರಾನ್ನ ಹಾಕುತ್ತ, 'ಇನ್ನೊಂಚೂರು ಹಾಕಲಾ, ನಾಚಿಕೆ ಬೇಡ' ಎನ್ನುತ್ತಿದ್ದಳು. ನನಗೂ ಹಾಕಿದಳು. ನಾನು ತಿನ್ನಲಾರದೆ ಹಿಡಿದುಕೊಂಡು ಕೂತೆ. ಎಲ್ಲರ ಸುತ್ತು ಮುಗಿದಿತ್ತು. ಒಬ್ಬರಿಗೂ ಇನ್ನೊಬ್ಬರ ಗುರುತು ಹತ್ತಿರಲಿಲ್ಲ. ಕೇಳದೆ ಉಳಿದವರು ಇಬ್ಬರೇ, ಮತ್ತು ಎಲ್ಲರೂ ಈಗ ನನ್ನ ಕಡೆ ನೋಡುತ್ತಿದ್ದರು.

"ನಾನು ರುಕ್ಮಿಣಿ," ಎಂದೆ. "ಇವರು ನನ್ನ ಅಕ್ಕ."

ಫಕೀರಪ್ಪ ಕಾಗದದ ಚಿತ್ರಾನ್ನವನ್ನು ನೆಲಕ್ಕಿಟ್ಟ.

"ಗೊತ್ತಿದ್ದೂ ಗೊತ್ತಿದ್ದೂ ಬಂದ್ಯಾ?" ಎಂದಳು ಮಾಳವ್ವ. "ಈ ಹುಡುಗಿ ನೋಡು, ದಿನ ತುಂಬಿದೆ, ಇವತ್ತು ಬಿಟ್ರೆ ಇನ್ಯಾವಾಗ ಬರ್ತಾಳೆ? ಆ ಮುದುಕಪ್ಪ ಎಲ್ಲಿಂದಲೋ ಬಂದಾನೆ. ಓದಿದೋಳ ಥರ ಕಾಣ್ತೀಯ, ಇಷ್ಟು ಗೊತ್ತಾಗಲ್ವಾ?"

ಅವಳು ಅಂದದ್ದೆಲ್ಲ ಸರಿಯಾಗಿತ್ತು. ನಾನು ಕೈಮುಗಿದೆ. ಮರೆವಿನ ವಿಷಯ ಹೇಳಿದೆ, ಬೆಳಗಿನ ಕಾಫಿಯ ಹೊತ್ತಿನ ಪ್ರಶ್ನೆಯನ್ನು ಹೇಳಿದೆ, ನಾಟಕದವನ ಉದಾಹರಣೆ ಕೇಳಿ ಧೈರ್ಯ ಮಾಡಿದ್ದನ್ನೂ ಹೇಳಿದೆ. "ನಾನು ಇವರಿಗೆ ಗುರುತಿಲ್ಲ ಅಂದ್ಕೊಂಡೇ ಬಂದೆ. ತಪ್ಪಾಯ್ತು," ಎಂದೆ.

ಮಾಳವ್ವ ನನ್ನನ್ನು ನಂಬಲಿಲ್ಲವೋ, ನಂಬಿದ್ದಕ್ಕೇ ಕೇಳಿದಳೋ ಗೊತ್ತಿಲ್ಲ. ಅಕ್ಕನ ಕಡೆ ವಾಲಿ, "ಅಮ್ಮ, ಇವರು ಯಾರು ಹೇಳಿ ನೋಡೋಣ?" ಎಂದಳು.

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮರ್ಯಾದೆಯಿಂದ ನಕ್ಕಳು. "ಗೊತ್ತಿಲ್ಲ ಕಣವ್ವ. ನಿಮ್ ಜತೆ ಬಸ್ಸಲ್ಲಿ ಬಂದೋರಲ್ವಾ? ಏನೂ ತಿಂದೇ ಇಲ್ಲ, ಪಾಪ."

ಮಾಳವ್ವ ತಗ್ಗಿನ ಕಡೆ ತಿರುಗಿದಳು. ಆಮೇಲೆ ಫಕೀರಪ್ಪ, ಇಮ್ತಿಯಾಜ್, ಶ್ರೀಲತಾ, ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಅಲ್ಲಿ ಒಂದು ಹನಿ ನೀರಿರಲಿಲ್ಲ. ಈ ಅಂಚಿನಿಂದ ಆ ಅಂಚಿನವರೆಗೆ ಹುಲ್ಲು, ಹುಲ್ಲಿನ ಮೇಲೆ ಬಿಸಿಲು. ಅಷ್ಟು ದೊಡ್ಡ ಕೆರೆ ಎಲ್ಲಿ ಹೋಯಿತೆಂದು ಕೇಳಿದರೆ ಅದಕ್ಕೆ ಉತ್ತರ ಒಂದೇ ಇತ್ತು, ಮತ್ತು ಅದು ಈಗ ಎಲ್ಲರಿಗೂ ಗೊತ್ತಾಗಿತ್ತು.

"ಬಾಯಿ ಮಾತ್ರ ಹಂಗಂತದೆ," ಎಂದ ಫಕೀರಪ್ಪ ನಿಧಾನವಾಗಿ. ನೆಲಕ್ಕಿಟ್ಟಿದ್ದ ಚಿತ್ರಾನ್ನವನ್ನು ಮತ್ತೆ ಎತ್ತಿಕೊಂಡ.

ನಾನು ಅತ್ತೆ. ಮಾಳವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, "ಅಳಬೇಡ, ಸಾಕು. ನಂಗೂ ಬರ್ತದೆ," ಎಂದು ಗದರಿದಳು. ಶ್ರೀಲತಾ ಕೂತಲ್ಲಿಂದಲೇ ಜರುಗಿ ಬಂದು ನನ್ನ ಪಕ್ಕ ಕೂತಳು. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ಅವಳೇ. "ನಿಮ್ಮ ಕೆರೆ ನನ್ನಿಂದ ಹೋಯ್ತು," ಎಂದೆ.

"ಹೋಗ್ಲಿ ಬಿಡಿ," ಎಂದಳು. ನಂತರ ಹೊಟ್ಟೆ ನೋಡಿಕೊಂಡು, "ಇದು ದೊಡ್ಡದಾದ ಮೇಲೆ ಇದೇ ಒಂದು ದಿನ ತಾನೊಂದೇ ಬಂದು ನೋಡಿ, ನಂಗೆ ಹೇಳುತ್ತೆ," ಎಂದಳು. ಇಮ್ತಿಯಾಜ್ ತಾನು ಮುಂದಿನ ತಿಂಗಳು ಬಂದು ನೋಡಿಕೊಳ್ಳುವುದಾಗಿ ಹೇಳಿದ. "ಎಲ್ಲರೂ ಬೇರೆ ಬೇರೆ ದಿನ ಬರಬೇಕು. ಇನ್ನು ನಾವೂ ಗುರುತಿನೋರು," ಎಂದು ಮಾಳವ್ವ ಎಚ್ಚರಿಸಿದಳು. ಅದೂ ನಿಜ. ನಮ್ಮಿಂದಾಗಿ ಅವರು ಆ ದಿನದ ಕೆರೆಯನ್ನಷ್ಟೇ ಅಲ್ಲ, ಒಟ್ಟಿಗೆ ನೋಡುವ ಎಲ್ಲ ದಿನದ ಕೆರೆಯನ್ನೂ ಕಳೆದುಕೊಂಡಿದ್ದರು. ಅದನ್ನು ಒಬ್ಬರೂ ನನಗೆ ಎತ್ತಿ ಆಡಲಿಲ್ಲ. ಆ ಮಧ್ಯಾಹ್ನದ ಬಗ್ಗೆ ಯೋಚಿಸಿದಾಗಲೆಲ್ಲ ನಾನು ಅವರ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತೇನೆ, ಒಂದನ್ನೂ ಬಿಡದ ಹಾಗೆ.

ಅಕ್ಕ ಬೇಸರ ಮಾಡಿಕೊಂಡಾಳೆಂದು ನಾನು ಹೆದರಿದ್ದೆ. ಅವಳು ಹುಲ್ಲನ್ನು ಬಹಳ ಹೊತ್ತು ನೋಡಿ, "ಎಷ್ಟು ದೊಡ್ಡ ಜಾಗ. ನೀರು ಬಂದ್ರೆ ಚೆನ್ನಾಗಿ ಹಿಡಿಯುತ್ತೆ," ಎಂದಳು.

"ಮುಂದಿನ ಸಲ ನೀವು ಒಬ್ಬರೇ ಬನ್ನಿ ಅಮ್ಮ, ನಾನು ಕೆಳಗೆ ಓಬಯ್ಯನ ಜತೆ ಕೂತಿರ್ತೀನಿ. ಮಾಳವ್ವನಂಥೋರು ಯಾರಾದ್ರೂ ಕೈ ಹಿಡೀತಾರೆ," ಎಂದೆ. ಇಷ್ಟು ಸುಲಭದ ಉಪಾಯ ನನಗೆ ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಅಪರಿಚಿತರ ಕೈಯನ್ನು ನಂಬಲು ನನಗೆ ಅದುವರೆಗೆ ಬರುತ್ತಿರಲಿಲ್ಲ, ಅಷ್ಟೇ.

ಕೆಳಗೆ ಬಸ್ಸಿನ ಬಾಗಿಲಲ್ಲಿ ಓಬಯ್ಯ ನಿಂತಿದ್ದ. ಬಂದವರನ್ನೆಲ್ಲ ಕೆರೆ ಹೇಗಿತ್ತು ಎಂದು ಕೇಳುವುದು ಅವನ ರೂಢಿ. ಕೇಳಿ ಕೇಳಿಯೇ ಅವನು ಕೆರೆಯನ್ನು ಬಲ್ಲ.

"ಹೆಂಗಿತ್ತು ಕೆರೆ?" ಎಂದ.

ಉತ್ತರ ಕೊಡಬೇಕಾದವಳು ನಾನು. ಮಾಳವ್ವ ನನ್ನನ್ನು ಪಕ್ಕಕ್ಕೆ ಸರಿಸಿ ಮೆಟ್ಟಿಲು ಹತ್ತಿದಳು.

"ಇರಲಿಲ್ಲ ಕಣಣ್ಣ," ಎಂದಳು. "ಚೆನ್ನಾಗಿತ್ತು."

ಓಬಯ್ಯ ಅವಳನ್ನು ನೋಡಿದ, ನನ್ನನ್ನು ನೋಡಿದ, ನನ್ನ ಹಿಂದೆ ಚೀಲ ಹಿಡಿದು ನಿಂತಿದ್ದ ಅಕ್ಕನನ್ನು ನೋಡಿದ. ಆ ಕಡೆ ತಿರುಗಿಕೊಂಡು ಸೀಟಿ ಊದಿದ. ಡ್ರೈವರ್ ಇನ್ನೂ ಹತ್ತಿಯೇ ಇರಲಿಲ್ಲ.

ಇಳಿಯುವ ಬಸ್ಸಿನಲ್ಲಿ ಯಾರು ಎಲ್ಲಿ ಬೇಕಾದರೂ ಕೂರಬಹುದು. ನಾನು ಮುಂದಿನ ಸೀಟಿಗೆ ಹೋಗಿ ಅಕ್ಕನ ಪಕ್ಕ ಕೂತೆ. ಅವಳು ಸೆರಗನ್ನು ಎಳೆದುಕೊಂಡು ನನಗೆ ಜಾಗ ಮಾಡಿಕೊಟ್ಟಳು.

"ನೀವು ಯಾರ ಪೈಕಿಯಮ್ಮ?" ಎಂದಳು.

"ನಿಮ್ಮ ಪೈಕಿ," ಎಂದೆ.

"ಹಾಗಾ?" ಎಂದು ಅಕ್ಕ ಸಂತೋಷದಿಂದ ತಲೆಯಾಡಿಸಿದಳು. "ಹಾಗಾದ್ರೆ ನಾನು ಒಂಚೂರು ಕಣ್ಣು ಮುಚ್ಕೊತೀನಿ. ಊರು ಬಂದಾಗ ಎಬ್ಬಿಸಿ."

ಮೊದಲ ತಿರುವಿನಲ್ಲೇ ಅವಳ ತಲೆ ನನ್ನ ಭುಜಕ್ಕೆ ಬಂತು. ಹಿಂದೆ ಫಕೀರಪ್ಪನೂ ಇಮ್ತಿಯಾಜನೂ ಸೀದ ಪಾಯಸದ ಬಗ್ಗೆ ಜೋರಾಗಿ ಮಾತಾಡುತ್ತಿದ್ದರು. ಅಕ್ಕನಿಗೆ ಎಚ್ಚರವಾದೀತೆಂದು ನಾನು ಅವರ ಕಡೆ ತಿರುಗಲಿಲ್ಲ.